ಗ್ರೌನ್‌ನ ‘ಮೊಂಟೆಜುಮಾ’ ಒಪೆರಾ: ಪದೇ ಪದೇ ಕೇಳುವ ಪ್ರಶ್ನೆಗಳು

ಪಾಶ್ಚಾತ್ಯ ಸಂಗೀತದ ಬಗ್ಗೆ ಮಾತಾಡುವಾಗ ಈ ಒಪೆರಾದ ಹೆಸರೆತ್ತಿದರೆ ಪ್ರಶ್ನೆಗಳು ಬೇಗ ಮುಗಿಯುವುದಿಲ್ಲ. ಮೆಕ್ಸಿಕೊದ ದೊರೆಯ ಪತನವನ್ನು ಜರ್ಮನ್ ನಾಡು ಪ್ರಶ್ಯದ ದೊರೆ ಬರೆದ, ಜರ್ಮನ್ ಸಂಗೀತಗಾರನೊಬ್ಬ ಅದನ್ನು ಇಟಾಲಿಯನ್‌ನಲ್ಲಿ ಹಾಡಿಸಿದ ಎಂದೊಡನೆ ಜನರಿಗೆ ಬೆರಗಾಗುತ್ತದೆ. ಮಾತಿನ ನಡುವೆ, ಪತ್ರಗಳಲ್ಲಿ, ಪ್ರತಿಕ್ರಿಯೆಗಳಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿಟ್ಟಿದ್ದೇನೆ. ಒಪೆರಾ ಹೊಸತು ಎನ್ನುವವರು ಮೊದಲಿಂದ ಓದಿ. ಕಥೆ ಗೊತ್ತಿರುವವರು ನೇರವಾಗಿ ಕೊನೆಯ ಎರಡು ಭಾಗಗಳಿಗೆ ಹೋಗಬಹುದು.

## ಮೊದಲ ಪರಿಚಯ

ಇದು ಯಾರ ಒಪೆರಾ? ಎಲ್ಲಿ, ಯಾವಾಗ ಮೊದಲು ಆಡಿದ್ದು?

ಬರ್ಲಿನ್‌ನ ಉಂಟರ್ ಡೆನ್ ಲಿಂಡೆನ್ ಬೀದಿಯ ಆಸ್ಥಾನ ಒಪೆರಾ ಭವನದಲ್ಲಿ, 1755ರ ಜನವರಿ 6ರಂದು. ಸಂಗೀತ ಕಟ್ಟಿದವನು ಕಾರ್ಲ್ ಹೈನ್ರಿಶ್ ಗ್ರೌನ್, ಪ್ರಶ್ಯದ ಆಸ್ಥಾನ ಸಂಗೀತದ ಮುಖ್ಯಸ್ಥ. ಕಥೆ ಬರೆದವನು ಅವನ ಒಡೆಯ, ‘ಮಹಾನ್’ ಎಂಬ ಬಿರುದು ಹೊತ್ತ ಎರಡನೆಯ ಫ್ರೆಡರಿಕ್. ದೊರೆ ಫ್ರೆಂಚ್ ಗದ್ಯದಲ್ಲಿ ಬರೆದುಕೊಟ್ಟದ್ದನ್ನು ಆಸ್ಥಾನ ಕವಿ ಜಾಂಪಿಯೆತ್ರೊ ತಾಲ್ಯಾಜುಕ್ಕಿ ಇಟಾಲಿಯನ್ ಪದ್ಯಕ್ಕೆ ತಂದ. ಆಗ ಗಂಭೀರ ಒಪೆರಾ ಎಂದರೆ ಬರ್ಲಿನ್‌ನಲ್ಲೂ ಇಟಾಲಿಯನ್ನೇ. ಒಟ್ಟು ಮೂರು ಅಂಕ.

ರಾಜ ನಿಜವಾಗಿ ತಾನೇ ಬರೆದನಾ? ಯಾರ ಕೈಲೋ ಬರೆಸಿ ಹೆಸರು ಹಾಕಿಕೊಂಡದ್ದಲ್ಲವಾ?

ತಾನೇ ಬರೆದ. ಅವನ ಕಾಗದಗಳೇ ಸಾಕ್ಷಿ. 1753ರ ಅಕ್ಟೋಬರ್‌ನಲ್ಲಿ ಇಟಲಿಯ ಗೆಳೆಯ ಫ್ರಾಂಚೆಸ್ಕೊ ಆಲ್ಗರೊತ್ತಿಗೆ ಬರೆದ ಪತ್ರದಲ್ಲಿ, ಮೊಂಟೆಜುಮಾನ ವಸ್ತುವನ್ನು ಆರಿಸಿಕೊಂಡಿದ್ದೇನೆ, ಈಗ ಅದನ್ನು ಒಪೆರಾಕ್ಕೆ ಹೊಂದಿಸುತ್ತಿದ್ದೇನೆ ಎಂದು ಹೇಳಿಕೊಂಡಿದ್ದಾನೆ. ಅದೇ ವರ್ಷ ಗ್ರೌನ್ ಸಂಗೀತ ಹಾಕಿದ ‘ಸಿಲ್ಲಾ’ದ ಕಥೆಯೂ ಅವನದೇ. ಕೊಳಲು ಅವನ ಪ್ರಾಣ. ಕ್ವಾಂಟ್ಸ್ ಅವನ ಗುರು, ಜೊತೆಗೆ ಹಾರ್ಪ್ಸಿಕಾರ್ಡ್ (ಪಿಯಾನೊದಂಥ, ತಂತಿ ಮೀಟುವ ವಾದ್ಯ) ನುಡಿಸುತ್ತಿದ್ದವನು ಮಹಾ ಬಾಖ್‌ನ ಮಗ ಕಾರ್ಲ್ ಫಿಲಿಪ್ ಇಮ್ಯಾನ್ಯುಯೆಲ್ ಬಾಖ್. ಯಾವ ಹಾಡು ಎಷ್ಟು ಉದ್ದ ಇರಬೇಕು ಎಂಬುದರಲ್ಲೂ ಕೈಹಾಕುವ ದೊರೆ ಅವನು. ಅದು ಗ್ರೌನ್‌ಗೆ ಸುಖವೋ ಸಂಕಟವೋ ಎಂಬ ಮಾತು ಸಂಗೀತದ ಭಾಗದಲ್ಲಿ ಬರುತ್ತದೆ.

ಒಪೆರಾ ಅಂದ್ರೆ ನಮ್ಮ ಕಂಪನಿ ನಾಟಕದ ಹಾಗೆ ಅಂದುಕೊಳ್ಳಬಹುದಾ?

ಹತ್ತಿರ ಹೋಗಬಹುದು. ಕಂಪನಿ ನಾಟಕದಲ್ಲಿ ಮಾತು ಮಾತಾಗಿಯೇ ಇರುತ್ತದೆ, ಭಾವ ತುಂಬಿದಾಗ ಹಾಡು ಬರುತ್ತದೆ. ಇಲ್ಲಿ ಮಾತನ್ನೂ ಹಾಡುತ್ತಾರೆ. ಹಾರ್ಪ್ಸಿಕಾರ್ಡ್‌ನ ನಾಲ್ಕು ಮೀಟುಗಳ ಆಸರೆಯಲ್ಲಿ, ಮಾತಿನ ಓಟವನ್ನೇ ಹಿಡಿದು ಸಾಗುವ ಭಾಗಕ್ಕೆ ರೆಸಿಟೇಟಿವ್ ಎಂದು ಹೆಸರು. ಕಥೆ ಮುಂದೆ ಹೋಗುವುದೆಲ್ಲ ಅದರಲ್ಲಿ. ಆಮೇಲೆ ಕಥೆ ನಿಲ್ಲುತ್ತದೆ, ಪಾತ್ರ ತನ್ನ ಎದೆಯಲ್ಲಿರುವುದನ್ನು ಪೂರ್ಣ ವಾದ್ಯವೃಂದದೊಡನೆ ಹಾಡುತ್ತದೆ. ಅದು ಆರಿಯಾ. ಮೊದಲ ಸಲ ಕೇಳುವವರಿಗೆ ರೆಸಿಟೇಟಿವ್ ಬೇಸರ ಹುಟ್ಟಿಸುವುದುಂಟು. ಸಾಹಿತ್ಯದ ಅನುವಾದ ಕೈಯಲ್ಲಿಟ್ಟುಕೊಂಡು ಕೇಳಿ, ಬೇಸರ ಅರ್ಧ ಇಳಿಯುತ್ತದೆ.

‘ಆಸ್ಥಾನ ಒಪೆರಾ’ ಅಂತ ಒತ್ತಿ ಹೇಳ್ತೀರಲ್ಲ, ಅದರಲ್ಲಿ ವಿಶೇಷ ಏನು?

ವೆನಿಸ್‌ನಲ್ಲಿ ಟಿಕೆಟ್ ಮಾರಿ ಒಪೆರಾ ಆಡುತ್ತಿದ್ದರು, ಜನ ಬರದಿದ್ದರೆ ಮುಚ್ಚುತ್ತಿದ್ದರು. ಬರ್ಲಿನ್‌ನಲ್ಲಿ ಖರ್ಚೆಲ್ಲ ದೊರೆಯದು, ನೋಡುಗರಿಗೆ ಪುಕ್ಕಟೆ. ಚಳಿಗಾಲದ ಕಾರ್ನಿವಲ್ ದಿನಗಳಲ್ಲಿ ಪ್ರದರ್ಶನ. ಕ್ನೋಬೆಲ್ಸ್‌ಡಾರ್ಫ್ ಕಟ್ಟಿದ ಆ ಭವನ 1742ರ ಡಿಸೆಂಬರ್ 7ರಂದು ಗ್ರೌನ್‌ನದೇ ಒಪೆರಾದೊಂದಿಗೆ ತೆರೆದಿತ್ತು. ರಾಜ ಮೇಲಿನ ಅಲಂಕೃತ ಆಸನ ಬಿಟ್ಟು ಕೆಳಗೆ ವಾದ್ಯಗಾರರ ಬೆನ್ನಿಗೇ ಕೂತು ಕೇಳುತ್ತಿದ್ದ. ಹಾಡುವವರು ತಪ್ಪಿದರೆ ಮೊದಲು ಗೊತ್ತಾಗುವುದು ಅವನಿಗೇ. ಹೀಗಾಗಿ ‘ಮೊಂಟೆಜುಮಾ’ದಲ್ಲಿ ವೇದಿಕೆಯಿಂದ ಹೊರಟ ಪ್ರತಿ ಮಾತೂ ಮೂಲತಃ ಆಳುವವನೊಬ್ಬ ತನ್ನ ಅಧಿಕಾರಿಗಳ, ರಾಯಭಾರಿಗಳ, ಅತಿಥಿಗಳ ಮುಂದೆ ಆಡಿದ ಮಾತು. ಇದನ್ನು ಮರೆತರೆ ಒಪೆರಾದ ಅರ್ಧ ಅರ್ಥ ಕೈಬಿಡುತ್ತದೆ.

## ಕಥೆ

ಕಥೆಯನ್ನು ಚಿಕ್ಕದಾಗಿ ಹೇಳ್ತೀರಾ?

ಮೊಂಟೆಜುಮಾ ಪ್ರಜೆಗಳನ್ನು ಮಕ್ಕಳಂತೆ ನೋಡಿಕೊಳ್ಳುವ ಅರಸ. ತ್ಲಾಸ್ಕಾಲಾದ ರಾಣಿ ಎವುಪಾಫೋರಿಚೆಯೊಡನೆ ಅವನ ಮದುವೆ ನಿಶ್ಚಯವಾಗಿದೆ. ಅಷ್ಟರಲ್ಲಿ ಸ್ಪೇನಿನವರು ಬಂದಿಳಿದ ಸುದ್ದಿ ಬರುತ್ತದೆ. ಸೇನಾಪತಿ ಪಿಲ್ಪಾತೋಯೆ ಎಚ್ಚರಿಸುತ್ತಾನೆ, ರಾಣಿಯೂ ಅಂಜುತ್ತಾಳೆ. ಅತಿಥಿಗಳನ್ನು ಅನುಮಾನಿಸುವುದು ಅರಸನ ಧರ್ಮಕ್ಕೆ ಒಗ್ಗುವುದಿಲ್ಲ, ಬಾಗಿಲು ತೆರೆಸುತ್ತಾನೆ. ಒಳಬಂದ ಸ್ಪೇನಿನವರ ನಾಯಕ ಕೊರ್ಟೆಸ್ ಕಾವಲಿನವರನ್ನು ಕೊಲ್ಲಿಸಿ ಅವನಿಗೇ ಸಂಕೋಲೆ ತೊಡಿಸುತ್ತಾನೆ.

ಮೂರನೆಯ ಅಂಕ ಸೆರೆಮನೆಯದು. ಬಿಡಿಸಲು ರಾಣಿ ಹೂಡಿದ ಉಪಾಯ ಸೋಲುತ್ತದೆ. ಅವಳ ಮೇಲೆ ಕಣ್ಣಿಟ್ಟ ಕೊರ್ಟೆಸ್, ತನ್ನ ಧರ್ಮಕ್ಕೆ ಬಂದು ತನ್ನನ್ನು ವರಿಸಿದರೆ ಅರಸನ ಪ್ರಾಣ ಉಳಿಸುವೆನೆನ್ನುತ್ತಾನೆ. ಅವಳು ಒಪ್ಪುವುದಿಲ್ಲ. ಮೊಂಟೆಜುಮಾನನ್ನು ಕೊಲ್ಲಲು ಕರೆದೊಯ್ಯುತ್ತಾರೆ. ನಗರಕ್ಕೆ ಬೆಂಕಿ ಇಡಿಸಿದ್ದೇನೆ, ನಿನ್ನ ಕೈಗೆ ಬೂದಿಯೇ ಸಿಗುವುದು ಎಂದು ಕೊರ್ಟೆಸ್‌ಗೆ ಹೇಳಿ ರಾಣಿ ತನ್ನನ್ನು ತಾನೇ ಇರಿದುಕೊಳ್ಳುತ್ತಾಳೆ. ಅವನು ಸೈನಿಕರನ್ನು ನಗರದ ಮೇಲೆ ಬಿಡುತ್ತಾನೆ. ಓಡುವ ಜನರ ಆರ್ತ ಮೇಳಗಾನಕ್ಕೆ ತೆರೆ ಬೀಳುತ್ತದೆ.

ಎವುಪಾಫೋರಿಚೆ ಅನ್ನೋ ರಾಣಿ ಇತಿಹಾಸದಲ್ಲಿ ಇದ್ದಳಾ?

ಇಲ್ಲ, ಪೂರಾ ಕಲ್ಪನೆ. ಅದೂ ಚರಿತ್ರೆಗೆ ತದ್ವಿರುದ್ಧವಾದ ಕಲ್ಪನೆ. ತ್ಲಾಸ್ಕಾಲಾ ಹಲವು ಒಡೆಯರು ಕೂಡಿ ಆಳುತ್ತಿದ್ದ ನಾಡು. ಮೊಂಟೆಜುಮಾನ ಜನರೊಂದಿಗೆ ಅದಕ್ಕೆ ಹಳೆಯ ಹಗೆ. ಕೊರ್ಟೆಸ್‌ನ ಬೆನ್ನಿಗೆ ನಿಂತು ಯುದ್ಧ ಗೆಲ್ಲಿಸಿದ್ದೇ ಅವರು. ಫ್ರೆಡರಿಕ್ ಆ ಹಗೆಯನ್ನು ಅಳಿಸಿ ಅಲ್ಲಿಂದ ಮದುವಣಗಿತ್ತಿಯನ್ನು ತಂದ. ಸ್ಪೇನಿನವರಿಗೆ ನಿಜಕ್ಕೂ ದುಭಾಷಿಯಾಗಿದ್ದ, ಆ ಕಾಲದ ಅತ್ಯಂತ ಕುತೂಹಲದ ಹೆಣ್ಣುಮಗಳು ಮಲಿಂಚೆ ಈ ಒಪೆರಾದಲ್ಲಿ ಕಾಣಿಸಿಕೊಳ್ಳುವುದೇ ಇಲ್ಲ. ನನಗೆ ಇದು ದೊಡ್ಡ ನಷ್ಟವಾಗಿ ಕಾಣುತ್ತದೆ. ಆದರೂ ನಾಟಕದ ಬೆನ್ನುಮೂಳೆ ಎವುಪಾಫೋರಿಚೆಯೇ. ಮೊಂಟೆಜುಮಾ ನಂಬುತ್ತಾನೆ, ನರಳುತ್ತಾನೆ. ಕೈಯಾರೆ ಏನನ್ನಾದರೂ ಮಾಡುವವಳು ಇವಳು. ಮೊದಲ ಪ್ರದರ್ಶನದಲ್ಲಿ ಈ ಪಾತ್ರ ಜೋವಾನ್ನಾ ಆಸ್ತ್ರುವಾಳದು. ಆ ಕಾಲದ ಬಲು ಚುರುಕು ಕಂಠಗಳಲ್ಲಿ ಅವಳದೊಂದು, ಗ್ರೌನ್ ಅದಕ್ಕೆ ತಕ್ಕ ಹಾಡುಗಳನ್ನೇ ಕೊಟ್ಟಿದ್ದಾನೆ.

ಆ ಕಾಲದ ಒಪೆರಾಗಳೆಲ್ಲ ಸುಖಾಂತ ಅಂತ ಕೇಳಿದ್ದೆ. ಇದು ಹೀಗೇಕೆ?

ಕೇಳಿದ್ದು ಸರಿ. ರಾಜ ಕೊನೆಗೆ ಕ್ಷಮಿಸುವುದು, ಪ್ರೇಮಿಗಳು ಕೂಡುವುದು, ಎಲ್ಲರೂ ವೇದಿಕೆಗೆ ಬಂದು ಮಂಗಳ ಹಾಡುವುದು ಗಂಭೀರ ಒಪೆರಾದ ಪದ್ಧತಿ. ಫ್ರೆಡರಿಕ್‌ಗೆ ಇಷ್ಟವಾಗಿದ್ದದ್ದು ಫ್ರೆಂಚ್ ದುರಂತ ನಾಟಕ. ಅವನು ಬರೆದ ಈ ಕಥೆಯಲ್ಲಿ ಕ್ಷಮಿಸಬಲ್ಲವನೇ ಸತ್ತಿರುತ್ತಾನೆ, ಉಳಿದ ಕೊರ್ಟೆಸ್‌ಗೆ ಕ್ಷಮೆಯ ಮಾತೇ ಇಲ್ಲ. ಮಂಗಳ ಹಾಡಬೇಕಾದ ಜಾಗದಲ್ಲಿ ಊರು ಉರಿಯುತ್ತದೆ.

## ಚರಿತ್ರೆ ಮತ್ತು ಒಪೆರಾ

ನಿಜವಾಗಿ ನಡೆದದ್ದೇನು?

ಕೊರ್ಟೆಸ್ 1519ರ ಏಪ್ರಿಲ್‌ನಲ್ಲಿ ಈಗಿನ ವೆರಾಕ್ರೂಸ್ ಕರಾವಳಿಯಲ್ಲಿ ಇಳಿದ. ತ್ಲಾಸ್ಕಾಲಾದವರ ಜೊತೆ ಮೊದಲು ಕಾದಾಡಿ, ಆಮೇಲೆ ಕೈಜೋಡಿಸಿ, ನವೆಂಬರ್ 8ರಂದು ಮೊಂಟೆಜುಮಾನ ರಾಜಧಾನಿ ತೆನೊಚ್‌ಟಿಟ್ಲಾನ್ ಹೊಕ್ಕ. ಕೆರೆಯ ನಡುವೆ ಕಟ್ಟಿದ, ಉದ್ದನೆಯ ಏರಿಗಳ ಮೇಲೆ ನಡೆದು ಒಳಹೋಗಬೇಕಾದ ಮಹಾನಗರ ಅದು. ಒಂದು ವಾರದೊಳಗೆ ಅರಸ ಅವನ ಕೈಸೆರೆಯಾದ.

1520ರ ಮೇ ತಿಂಗಳಲ್ಲಿ ತೋಶ್‌ಕಾಟ್ಲ್ ಹಬ್ಬದಲ್ಲಿ ಕುಣಿಯುತ್ತಿದ್ದ ನಿರಾಯುಧರನ್ನು ಆಲ್ವರಾದೊ ಎಂಬ ನಾಯಕ ಕೊಲ್ಲಿಸಿದ, ನಗರ ದಂಗೆಯೆದ್ದಿತು. ಜೂನ್ ಕೊನೆಯಲ್ಲಿ ಅರಸ ಸತ್ತ. ಜನರನ್ನು ಸಮಾಧಾನಪಡಿಸಲು ಮಾಳಿಗೆ ಮೇಲೆ ನಿಂತಾಗ ಕಲ್ಲೇಟು ಬಿತ್ತೆಂದು ಸ್ಪೇನಿನವರು ಬರೆದರು. ಸ್ಪೇನಿನವರೇ ಕೊಂದರೆಂದು ಸ್ಥಳೀಯ ಮೂಲಗಳು ಹೇಳುತ್ತವೆ. ಜೂನ್ 30ರ ರಾತ್ರಿ ಕೊರ್ಟೆಸ್‌ನ ದಂಡು ಅಪಾರ ಸಾವುನೋವಿನೊಂದಿಗೆ ಓಡಿಹೋಯಿತು. ಸಿಡುಬು ಹಬ್ಬಿ ನಗರದ ಜನ ಸತ್ತರು. ದೀರ್ಘ ಮುತ್ತಿಗೆಯ ನಂತರ 1521ರ ಆಗಸ್ಟ್ 13ರಂದು ಕೊನೆಯ ಅರಸ ಕುವಾವ್ತೆಮೊಕ್ ಸೆರೆಸಿಕ್ಕಾಗ ಎಲ್ಲ ಮುಗಿಯಿತು.

ಎರಡು ವರ್ಷಕ್ಕೂ ಮೀರಿದ ಈ ಸಂಗತಿಗಳನ್ನು ಫ್ರೆಡರಿಕ್ ಕೆಲವೇ ಗಂಟೆಗಳ ನಾಟಕವಾಗಿ ಬಿಗಿದ. ಹಾಗಾಗಿ ಕೊರ್ಟೆಸ್‌ನನ್ನೇ ಹಿಡಿದು ತರಲು ಕ್ಯೂಬಾದಿಂದ ಬಂದಿದ್ದ ನಾರ್ವಾಯೆಸ್ ಇಲ್ಲಿ ಅವನ ನಂಬುಗೆಯ ಬಂಟ ನಾರ್ವೇಸ್ ಆಗಿಬಿಟ್ಟಿದ್ದಾನೆ.

ಕೊರ್ಟೆಸ್‌ನನ್ನು ದೇವರು ಅಂದುಕೊಂಡು ಶರಣಾದರಂತೆ, ಹೌದಾ?

ಶಾಲೆಯ ಪುಸ್ತಕಗಳಲ್ಲಿ ಉಳಿದುಕೊಂಡ ಈ ಕಥೆಯನ್ನು ಇಂದಿನ ಇತಿಹಾಸಕಾರರಲ್ಲಿ ಹೆಚ್ಚಿನವರು ಒಪ್ಪುವುದಿಲ್ಲ. ಕೆಟ್ಜಾಲ್‌ಕೊಆಟ್ಲ್ ದೇವರೇ ಮರಳಿ ಬಂದನೆಂಬ ಮಾತು ಪತನವಾಗಿ ದಶಕಗಳಾದ ಮೇಲೆ ಬರೆದ ಬರಹಗಳಲ್ಲಿ ಬೆಳೆದದ್ದು. ಫ್ರೆಡರಿಕ್‌ನ ಒಪೆರಾ ಈ ದಾರಿ ಹಿಡಿಯುವುದಿಲ್ಲ ಎಂಬುದು ನನಗೆ ಮೆಚ್ಚಿಗೆ. ಅವನ ಮೊಂಟೆಜುಮಾ ಸೋಲುವುದು ತನ್ನ ಅತಿಥಿಧರ್ಮದಿಂದ. ಮೂಢನಂಬಿಕೆ ಇದ್ದರೆ ಅದು ಇಲ್ಲಿ ಗೆದ್ದವರ ಪಾಲಿನದು.

ಮೊಂಟೆಜುಮಾ, ಮೊತೆಜುಮಾ, ಮೊಕ್ತೆಸುಮಾ: ಯಾವುದು ಸರಿ? ಅಜ್ಟೆಕ್ ಅನ್ನಬೇಕಾ, ಮೆಶೀಕಾ ಅನ್ನಬೇಕಾ?

ಅವನ ನುಡಿ ನಾವಾಟ್ಲ್. ಅದರಲ್ಲಿ ಹೆಸರು ಮೊತೆಕುಸೋಮ ಎಂಬಂತೆ ಕೇಳಿಸುತ್ತದೆ. ಒಡೆಯನಂತೆ ಹುಬ್ಬು ಗಂಟಿಕ್ಕುವವನು ಎಂದು ಅರ್ಥ. ಅದೇ ಹೆಸರಿನ ಹಿರಿಯ ಅರಸನೊಬ್ಬ ಇದ್ದುದರಿಂದ ಇವನಿಗೆ ಶೊಕೊಯೋಟ್ಸಿನ್, ಅಂದರೆ ಕಿರಿಯ ಎಂಬ ಸೇರ್ಪಡೆ. ಮೆಕ್ಸಿಕೊದಲ್ಲಿ ಈಗ ಮೊಕ್ತೆಸುಮಾ ಎಂದು ಬರೆಯುತ್ತಾರೆ. ಯುರೋಪಿನವರ ಬಾಯಲ್ಲಿ ಮೊಂಟೆಜುಮಾ ಆಯಿತು. ಒಪೆರಾದ ಮಾತು ಬಂದಾಗ ಒಪೆರಾದ ಕಾಗುಣಿತವನ್ನೇ ಉಳಿಸಿಕೊಳ್ಳುತ್ತೇನೆ. ಆ ನಗರದ ಜನ ತಮ್ಮನ್ನು ಕರೆದುಕೊಳ್ಳುತ್ತಿದ್ದದ್ದು ಮೆಶೀಕಾ ಎಂದು. ಅಜ್ಟೆಕ್ ಎಂಬುದು ಬಹಳ ತಡವಾಗಿ ರೂಢಿಗೆ ಬಂದ ಹೆಸರು.

ನರಬಲಿ ಕೊಡುತ್ತಿದ್ದ ರಾಜನನ್ನು ಇಷ್ಟೊಂದು ಸಾಧು ಮಾಡಿದ್ದು ಸರಿಯಾ?

ಚರಿತ್ರೆಯಾಗಿ ನೋಡಿದರೆ ಸರಿಯಲ್ಲ. ನರಬಲಿ ಇತ್ತು. ಬಡಿದು ಕಪ್ಪ ವಸೂಲು ಮಾಡುವ ಸಾಮ್ರಾಜ್ಯವೂ ಅದಾಗಿತ್ತು. ಅದರ ಭಾರಕ್ಕೆ ಬೇಸತ್ತ ಊರುಗಳೇ ಸ್ಪೇನಿನವರ ಜೊತೆ ಹೋದವು. ಫ್ರೆಡರಿಕ್ ಇದನ್ನೆಲ್ಲ ಹೊರಗಿಟ್ಟ. ಅವನಿಗೆ ಬೇಕಿದ್ದದ್ದು ವಿವೇಕಿ ಅರಸನೊಬ್ಬ, ಅವನ ಮೇಲೆ ಬಂದೆರಗುವ ಮತಾಂಧರ ಗುಂಪು.

ಇದರಲ್ಲಿ ಒಂದು ದಯೆ ಇದೆ, ಒಂದು ಅನ್ಯಾಯವೂ ಇದೆ. ಸೋತವರ ಪರ ನಿಂತು, ಗೆದ್ದವರನ್ನು ಕಟುಕರೆಂದು ಯುರೋಪಿನ ರಾಜವೇದಿಕೆಯ ಮೇಲೇ ಹೇಳಿಸಿದ್ದು ದಯೆ. ಮೆಶೀಕಾ ಜನರಿಗೆ ಅವರದೇ ದೇವರು, ಅವರದೇ ಸಿಟ್ಟು, ಅವರದೇ ರಾಜಕೀಯ ಲೆಕ್ಕಾಚಾರ ಯಾವುದನ್ನೂ ಕೊಡದೆ ಫ್ರೆಂಚ್ ತತ್ವಜ್ಞಾನಿಗಳ ಮಾತನ್ನು ಬಾಯಿಗೆ ತುಂಬಿದ್ದು ಅನ್ಯಾಯ. ಈ ಒಪೆರಾ ಕೇಳುವಾಗಲೆಲ್ಲ ನನಗೆ ಎರಡೂ ಒಟ್ಟಿಗೆ ತಟ್ಟುತ್ತವೆ.

ಆ ಹೊತ್ತಿಗೆ ನಮ್ಮ ಕಡೆ ಯಾರ ಆಳ್ವಿಕೆ?

ವಿಜಯನಗರದಲ್ಲಿ ಕೃಷ್ಣದೇವರಾಯನದು, 1509ರಿಂದ 1529ರವರೆಗೆ. ಮೊಂಟೆಜುಮಾ 1502ರ ಸುಮಾರಿಗೆ ಪಟ್ಟಕ್ಕೆ ಬಂದವನು, ಇಬ್ಬರೂ ಸಮಕಾಲೀನರು. ಕೊರ್ಟೆಸ್ ಮೆಕ್ಸಿಕೊ ಮುಟ್ಟುವ 9 ವರ್ಷ ಮೊದಲು, 1510ರಲ್ಲಿ, ಪೋರ್ಚುಗೀಸರು ಗೋವಾ ಹಿಡಿದಿದ್ದರು.

## ಸಂಗೀತ

ವೀರರು, ಸೇನಾಪತಿಗಳು ಎಲ್ಲರೂ ಹೆಂಗಸರ ದನಿಯಲ್ಲಿ ಹಾಡ್ತಾರಲ್ಲ, ಯಾಕೆ?

ಆಗ ನಾಯಕರ ಪಾತ್ರ ಕ್ಯಾಸ್ಟ್ರಾಟೊಗಳದು. ದನಿ ಒಡೆಯುವ ಮುಂಚೆಯೇ ಬೀಜ ತೆಗೆಸಿಕೊಂಡ, ಹುಡುಗನ ಎತ್ತರದ ಸ್ವರಕ್ಕೆ ದೊಡ್ಡವನ ಎದೆಯ ಉಸಿರು ಸೇರಿದ ಗಾಯಕರು ಅವರು. ಮೊಂಟೆಜುಮಾನಾಗಿ ಹಾಡಿದ ಆಮದೋರಿ ಅಂಥವನು, ಕೊರ್ಟೆಸ್ ಪಾತ್ರಧಾರಿಯೂ ಅಂಥವನೇ. ಎತ್ತರದ ದನಿ ಎಂದರೆ ದೈವಿಕ, ರಾಜಯೋಗ್ಯ ಎಂದು ಅಂದಿನ ಕಿವಿ ಕೇಳುತ್ತಿತ್ತು. ಇಂದು ಆ ಪಾತ್ರಗಳನ್ನು ಹೆಣ್ಣುಮಕ್ಕಳು ಅಥವಾ ಕೌಂಟರ್‌ಟೆನರ್‌ಗಳು, ಅಂದರೆ ಎತ್ತರದ ದನಿಯಲ್ಲಿ ಹಾಡುವ ಗಂಡಸರು, ಹಾಡುತ್ತಾರೆ. ಮಕ್ಕಳ ಮೇಲೆ ಎಸಗಿದ ಕ್ರೌರ್ಯದಿಂದ ಹುಟ್ಟಿದ ಚೆಲುವು ಅದು. ಆ ಪದ್ಧತಿ ಅಳಿದದ್ದು ಒಳ್ಳೆಯದೇ ಆಯಿತು.

ಕವಾಟೀನಾ, ಕವಾಟೀನಾ ಅಂತ ಈ ಒಪೆರಾದ ಬಗ್ಗೆ ಎಲ್ಲರೂ ಹೇಳ್ತಾರೆ. ಹಾಗಂದ್ರೆ?

ಇದನ್ನು ಹಾಡು ಬಲ್ಲವರಿಗೆ ಬೇಗ ವಿವರಿಸಬಹುದು. ಅಂದಿನ ರೂಢಿಯ ಆರಿಯಾಕ್ಕೆ ದಾ ಕಾಪೊ ಎಂದು ಹೆಸರು. ಮೊದಲ ಭಾಗ, ಬೇರೆ ಬಣ್ಣದ ನಡುವಿನ ಭಾಗ, ಆಮೇಲೆ ಮೊದಲ ಭಾಗ ಪೂರ್ತಿಯಾಗಿ ಮತ್ತೊಮ್ಮೆ, ಗಾಯಕರ ಮನೋಧರ್ಮದ ಅಲಂಕಾರಗಳೊಂದಿಗೆ. ಅನುಪಲ್ಲವಿ, ಚರಣದಿಂದ ಪಲ್ಲವಿಗೆ ಮರಳಿದ ಹಾಗೆ, ಆದರೆ ಮರಳುವುದು ಒಂದು ಸಾಲಿಗಲ್ಲ, ಐದಾರು ನಿಮಿಷದ ಇಡೀ ಭಾಗಕ್ಕೆ. ಕಿವಿಗೆ ಹಬ್ಬ. ನಾಟಕಕ್ಕೆ ತಡೆ. ಅರಮನೆಗೆ ಶತ್ರು ನುಗ್ಗಿರುವಾಗ ಸೇನಾಪತಿ ನಿಂತು ಅದೇ ಮಾತನ್ನು ಮೂರನೆಯ ಸಲ ಹಾಡಿದರೆ ಎದೆಬಡಿತ ಆರಿಹೋಗುತ್ತದೆ.

ಫ್ರೆಡರಿಕ್‌ಗೆ ಇದು ಸಾಕಾಗಿತ್ತು. 1754ರ ಮೇ ತಿಂಗಳಲ್ಲಿ ಅಕ್ಕ ವಿಲ್ಹೆಲ್ಮೀನಾಗೆ ಬರೆದ ಪತ್ರದಲ್ಲಿ, ಮರುಕಳಿಕೆಯಿಲ್ಲದ ಎರಡು ಭಾಗದ ಹಾಡುಗಳೇ ಚೆನ್ನ, ಬದಲಿಸಿ ಹಾಡಬಲ್ಲ ಗಾಯಕರಿದ್ದರೆ ಮಾತ್ರ ಪುನರಾವರ್ತನೆ ಸರಿ ಎಂಬ ಅಭಿಪ್ರಾಯ ತಿಳಿಸಿದ. (ವಿಲ್ಹೆಲ್ಮೀನಾ ಸ್ವತಃ ಒಪೆರಾ ರಚಿಸಿದವಳು. ಬೈರಾಯ್ಟ್‌ನಲ್ಲಿ ಅವಳು ಕಟ್ಟಿಸಿದ ಒಪೆರಾ ಮನೆ ಇಂದು ಯುನೆಸ್ಕೊ ಪಟ್ಟಿಯಲ್ಲಿದೆ.) ‘ಮೊಂಟೆಜುಮಾ’ದ ಬಹುಪಾಲು ಹಾಡುಗಳು ಈ ಚಿಕ್ಕ ರೂಪದಲ್ಲಿವೆ, ಅದೇ ಕವಾಟೀನಾ.

ಪರಿಣಾಮ ಕೇಳಿದರೆ ಗೊತ್ತಾಗುತ್ತದೆ. ಹಾಡು ತನ್ನ ಮಾತು ಮುಗಿಸಿ ಸರಿಯುತ್ತದೆ, ಮುಂದಿನ ಪಾತ್ರ ಬಾಯಿ ತೆರೆಯುವ ಹೊತ್ತಿಗೆ ಬಿಸಿ ಇನ್ನೂ ಆರಿರುವುದಿಲ್ಲ. ಹಾಡುಗಾರಿಕೆಯನ್ನು ನಾಟಕಕ್ಕೆ ತಗ್ಗಿ ನಡೆಸಿದ ಕೀರ್ತಿಯನ್ನು ಸಾಮಾನ್ಯವಾಗಿ 1762ರಲ್ಲಿ ವಿಯೆನ್ನಾದಲ್ಲಿ ‘ಓರ್ಫೆಯೊ’ ಆಡಿಸಿದ ಗ್ಲುಕ್‌ಗೆ ಕೊಡುತ್ತಾರೆ. 7 ವರ್ಷ ಮೊದಲೇ ಬರ್ಲಿನ್‌ನಲ್ಲಿ ಆ ದಿಕ್ಕಿಗೆ ಒಂದು ಹೆಜ್ಜೆ ಬಿದ್ದಿತ್ತು, ಅದೂ ದೊರೆಯ ಅಪ್ಪಣೆಯಿಂದ.

ಹಾಗಾದರೆ ಗ್ರೌನ್ ಬರೀ ಆಜ್ಞಾಪಾಲಕನಾ?

ಆ ಮಾತನ್ನು ನಾನು ಒಪ್ಪಲಾರೆ. ರೂಪ ಗೊತ್ತುಮಾಡಿದವನು ರಾಜ, ಅದರೊಳಗೆ ಜೀವ ತುಂಬಿದವನು ಗ್ರೌನ್. ಅವನೇ ಒಳ್ಳೆಯ ಟೆನರ್ (ಗಂಡಸಿನ ಎತ್ತರದ ಸಹಜ ದನಿಯ) ಗಾಯಕ. ಎಲ್ಲಿ ಉಸಿರು ತೆಗೆಯಬೇಕು, ಯಾವ ಸ್ವರದಲ್ಲಿ ದನಿ ಅರಳುತ್ತದೆ ಎಂಬುದು ಅವನಿಗೆ ಒಳಗಿಂದ ಗೊತ್ತಿತ್ತು. ಹಾಡು ಚಿಕ್ಕದಾದಷ್ಟೂ ಮೊದಲ ಸಾಲಿನಲ್ಲೇ ಪಾತ್ರವನ್ನು ಕೇಳುಗರ ಮುಂದೆ ನಿಲ್ಲಿಸಬೇಕಾಗುತ್ತದೆ. ಗ್ರೌನ್‌ಗೆ ಅದು ಸಿದ್ಧಿಸಿತ್ತು. ಇದೇ 1755ರ ಮಾರ್ಚ್ 26ರಂದು ಬರ್ಲಿನ್‌ನಲ್ಲಿ ಮೊದಲು ಕೇಳಿಸಿದ ಅವನ ‘ಯೇಸುವಿನ ಮರಣ’ ಎಂಬ ಭಕ್ತಿಕೃತಿಯನ್ನು ನೂರು ವರ್ಷಕ್ಕೂ ಮೀರಿ ಆ ಊರಿನಲ್ಲಿ ಹಾಡುತ್ತಿದ್ದರು. ಮೂರು ತಿಂಗಳೊಳಗೆ ಒಂದೇ ಕೈಯಿಂದ ಕ್ರೈಸ್ತರನ್ನು ಕಟುಕರಾಗಿ ತೋರಿಸುವ ಒಪೆರಾ ಬಂದಿತು, ಕ್ರಿಸ್ತನ ಸಾವಿಗೆ ಕಣ್ಣೀರಿಡಿಸುವ ಕೃತಿಯೂ ಬಂದಿತು.

ಮೆಕ್ಸಿಕೊದ ಸಂಗೀತದ ಸುಳಿವು ಏನಾದರೂ ಇದೆಯಾ?

ಇಲ್ಲ. ಹುವೆಹುವೆಟ್ಲ್ ಎಂಬ ನಿಲುಮದ್ದಳೆ, ತೆಪೊನಾಸ್ಟ್ಲಿ ಎಂಬ ಕೊರೆದ ಮರದ ವಾದ್ಯ ಇವು ಮೆಶೀಕಾ ಜನರವು. ಗ್ರೌನ್‌ನ ವಾದ್ಯವೃಂದ ಮಾತ್ರ ಬರ್ಲಿನ್‌ನದು. ಸ್ಪೇನಿನವರಿಗೂ ಮೆಕ್ಸಿಕೊದವರಿಗೂ ಒಂದೇ ಸಂಗೀತಭಾಷೆ.

## ಇನ್ನಷ್ಟು ಆಳಕ್ಕೆ

ಇದು ಕ್ರೈಸ್ತ ಧರ್ಮದ ವಿರುದ್ಧ ಬರೆದದ್ದಾ?

ಧರ್ಮದ ಹೆಸರಿನ ಕ್ರೌರ್ಯದ ವಿರುದ್ಧ, ಅದೂ ಮುಚ್ಚುಮರೆಯಿಲ್ಲದೆ. ಆಲ್ಗರೊತ್ತಿಗೆ ಬರೆದ ಆ ಪತ್ರದಲ್ಲೇ ತನ್ನ ಒಲವು ಮೊಂಟೆಜುಮಾನ ಕಡೆಗೆ, ಕೊರ್ಟೆಸ್ ಇಲ್ಲಿ ಕ್ರೂರಿ, ಸಂಗೀತದ ನೆಪದಲ್ಲಿ ಕ್ರೈಸ್ತ ಮತದ ಅನಾಗರಿಕತೆಗೆ ಒಂದೆರಡು ಏಟು ಕೊಡಬಹುದು ಎಂದು ಫ್ರೆಡರಿಕ್ ಬರೆದಿದ್ದಾನೆ. ಮೂಢನಂಬಿಕೆ ಅಳಿಸಲು ಒಪೆರಾವೂ ಸಾಧನ ಎಂಬುದು ಅವನ ನಂಬಿಕೆ. ಫ್ರೆಂಚ್ ಚಿಂತಕ ವೋಲ್ಟೇರ್ 1750ರಿಂದ 1753ರವರೆಗೆ ಅವನ ಆಸ್ಥಾನದಲ್ಲಿದ್ದ, ಜಗಳವಾಡಿ ಹೊರಟುಹೋದ. ಪೆರುವಿನಲ್ಲಿ ನಡೆಯುವ ವೋಲ್ಟೇರ್‌ನ 1736ರ ನಾಟಕ ‘ಅಲ್ಜೀರ್’ ಇದೇ ಗೆದ್ದವರು-ಸೋತವರ ಪ್ರಶ್ನೆ ಎತ್ತುತ್ತದೆ. ಅಲ್ಲಿ ಸಾಯುವ ಕ್ರೈಸ್ತ ಅಧಿಕಾರಿ ಕೊನೆಗೆ ಕ್ಷಮಿಸುತ್ತಾನೆ. ಫ್ರೆಡರಿಕ್ ತನ್ನ ಕೊರ್ಟೆಸ್‌ಗೆ ಆ ಬಾಗಿಲನ್ನೂ ಮುಚ್ಚಿಬಿಟ್ಟ.

ಕ್ಯಾಥೊಲಿಕರನ್ನೇ ಅವನು ದ್ವೇಷಿಸುತ್ತಿದ್ದನೆಂದು ತಿಳಿಯಬೇಡಿ. ಇದೇ ಒಪೆರಾ ಭವನದ ಪಕ್ಕದಲ್ಲಿ, ಅವನ ಅನುಮತಿಯಿಂದಲೇ, ಸೇಂಟ್ ಹೆಡ್ವಿಗ್ ಎಂಬ ಕ್ಯಾಥೊಲಿಕ್ ಚರ್ಚು ಆ ವರ್ಷಗಳಲ್ಲಿ ಏಳುತ್ತಿತ್ತು. ಪ್ರಾಟೆಸ್ಟಂಟ್ ಬರ್ಲಿನ್‌ಗೆ ಅದು ಹೊಸ ಸಂಗತಿ.

ಸೈಲೇಷಿಯಾವನ್ನು ಕಬಳಿಸಿದವನೇ ಇಂಥ ಒಪೆರಾ ಬರೆದ ಅಂದ್ರೆ ಹೇಗೆ ನಂಬೋದು?

ಬಂದ ಪ್ರಶ್ನೆಗಳಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಇದು. ಪಟ್ಟಕ್ಕೆ ಬಂದ 1740ರಲ್ಲೇ ಅವನು ಮಾಕಿಯವೆಲ್ಲಿಯ ರಾಜನೀತಿಯನ್ನು ಖಂಡಿಸಿ ಬರೆದ ಪುಸ್ತಕ ಹೊರಬಂತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಅವನ ಸೈನ್ಯ ಆಸ್ಟ್ರಿಯಾದ ಸೈಲೇಷಿಯಾಕ್ಕೆ ನುಗ್ಗಿತು. ‘ಮೊಂಟೆಜುಮಾ’ ಆಡಿದ 20 ತಿಂಗಳಿಗೆ, 1756ರ ಆಗಸ್ಟ್ 29ರಂದು, ಯುದ್ಧ ಸಾರದೆ ಸ್ಯಾಕ್ಸನಿಯ ಗಡಿ ದಾಟಿದ. ಏಳು ವರ್ಷದ ಯುದ್ಧ ಶುರುವಾದದ್ದು ಹಾಗೆ. ಬಾಗಿಲು ತೆರೆದಿಟ್ಟ ಅರಸನಿಗಾಗಿ ಮರುಗಿದವನೇ ನೆರೆಯವನ ಬಾಗಿಲು ಒಡೆದ.

ಇದನ್ನು ಕಪಟ ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕುವವರಿದ್ದಾರೆ. ಒಪೆರಾವನ್ನು ಗಮನವಿಟ್ಟು ಕೇಳಿದರೆ ಬೇರೆಯದೂ ಕೇಳಿಸುತ್ತದೆ. ಮೊಂಟೆಜುಮಾನ ಗುಣಗಳನ್ನು ಫ್ರೆಡರಿಕ್ ಹೊಗಳುತ್ತಾನೆ, ಆದರೆ ನಾಟಕದಲ್ಲಿ ಸರಿಯಾಗಿ ಊಹಿಸುವವನು ಪಿಲ್ಪಾತೋಯೆ. ಶತ್ರುವನ್ನು ಮೊದಲೇ ಅಳೆ, ಸೈನ್ಯವನ್ನು ಸಜ್ಜಾಗಿಡು ಎನ್ನುವವನ ಮಾತು ಕೇಳದ್ದರಿಂದಲೇ ಊರು ಉರಿಯುತ್ತದೆ. ಆಸ್ಥಾನದ ಸಭಿಕರು ಅದನ್ನು ಪಾಠವಾಗಿ ಕೇಳಿರಬೇಕು: ಒಳ್ಳೆಯತನಕ್ಕೆ ಕತ್ತಿಯ ಕಾವಲಿಲ್ಲದಿದ್ದರೆ ಇದೇ ಗತಿ. ಹಾಗೆ ಕೇಳಿದರೆ ಇದು ಸೋತವನಿಗಾಗಿ ಅತ್ತ ಒಪೆರಾವೂ ಹೌದು, ಮೊದಲ ಏಟು ತನ್ನದೇ ಆಗಬೇಕೆಂಬ ರಾಜನ ವಾದವೂ ಹೌದು.

ನನ್ನ ಮಟ್ಟಿಗೆ ಸಂಗೀತ ವಾದವನ್ನು ಮೀರುತ್ತದೆ. ಸೆರೆಮನೆಯಲ್ಲಿ ಮೊಂಟೆಜುಮಾ ಹಾಡುವಾಗ ಗ್ರೌನ್ ಅವನನ್ನು ಮೂರ್ಖನೆಂದು ಒಂದು ಸ್ವರದಲ್ಲೂ ಸೂಚಿಸುವುದಿಲ್ಲ. ರಾಜನ ಮಾತು ಎರಡು ದಿಕ್ಕಿಗೆ ಎಳೆಯುತ್ತದೆ, ಗ್ರೌನ್‌ನ ರಾಗ ಬಂದಿಯ ಪಕ್ಕದಲ್ಲೇ ಕೂತುಬಿಡುತ್ತದೆ.

ವಿವಾಲ್ಡಿಯದೂ ಒಂದು ‘ಮೊತೆಜುಮಾ’ ಇದೆಯಲ್ಲ, ಎರಡೂ ಒಂದೇ ಕಥೆಯಾ?

ಅರಸ ಒಬ್ಬನೇ, ನಾಟಕಗಳು ಬೇರೆ. ವಿವಾಲ್ಡಿಯದು 1733ರ ನವೆಂಬರ್ 14ರಂದು ವೆನಿಸ್‌ನ ಸಾಂತ್ ಆಂಜೆಲೊ ರಂಗಮಂದಿರದಲ್ಲಿ ಆಡಿದ್ದು. ಅದರಲ್ಲಿ ಮೊತೆಜುಮಾನ ಮಗಳಿಗೂ ಕೊರ್ಟೆಸ್‌ನ ತಮ್ಮನಿಗೂ ಮದುವೆಯಾಗಿ ಎಲ್ಲ ಸರಿಹೋಗುತ್ತದೆ. ಟಿಕೆಟ್ ಕೊಂಡು ಬಂದವರನ್ನು ನಗುತ್ತ ಮನೆಗೆ ಕಳಿಸುವ ಒಪೆರಾ.

ಅದರ ಸಂಗೀತ ಕಳೆದೇಹೋಗಿತ್ತು. ಮಹಾಯುದ್ಧದ ಕಾಲದಲ್ಲಿ ಬರ್ಲಿನ್‌ನ ಝಿಂಗ್ ಅಕಾಡೆಮಿ ಎಂಬ ಹಳೆಯ ಗಾಯನ ಸಂಸ್ಥೆ ತನ್ನ ಹಸ್ತಪ್ರತಿಗಳನ್ನು ಸುರಕ್ಷಿತವಾಗಿರಲೆಂದು ಸೈಲೇಷಿಯಾಕ್ಕೆ ಸಾಗಿಸಿತ್ತು. ಸೋವಿಯತ್ ಸೈನ್ಯ ಒಯ್ದ ಅವು ಕೀವ್‌ನಲ್ಲಿ ಪತ್ತೆಯಾಗಿ 2001ರಲ್ಲಿ ಮರಳಿ ಬಂದವು. ಮರುವರ್ಷ ಸಂಶೋಧಕ ಸ್ಟೆಫನ್ ವೋಸ್ ಆ ರಾಶಿಯಲ್ಲಿ ವಿವಾಲ್ಡಿಯ ಒಪೆರಾದ ಬಹುಭಾಗವನ್ನು ಗುರುತಿಸಿದರು. ಗ್ರೌನ್‌ನ ಒಪೆರಾಕ್ಕೆ ಇಂಥ ಅಲೆದಾಟವಿಲ್ಲ. 1904ರಲ್ಲೇ ಆಲ್ಬರ್ಟ್ ಮೇಯರ್ ರೈನಾಖ್ ಅದನ್ನು ಸಂಪಾದಿಸಿ ಅಚ್ಚುಹಾಕಿಸಿದ್ದರು.

ಇಷ್ಟು ಒಳ್ಳೆಯ ಕೃತಿ ಮರೆವಿಗೆ ಸಂದದ್ದು ಏಕೆ?

ಮುಖ್ಯವಾಗಿ ಯುದ್ಧದಿಂದ. 1756ರಲ್ಲಿ ಬರ್ಲಿನ್‌ನ ಒಪೆರಾ ನಿಂತಿತು, 1759ರ ಆಗಸ್ಟ್ 8ರಂದು ಗ್ರೌನ್ ತೀರಿಕೊಂಡ. ಯುದ್ಧ ಮುಗಿಯುವ ಹೊತ್ತಿಗೆ ರುಚಿ ಬದಲಾಗಿತ್ತು. ಆಸ್ಥಾನದ ಕೃತಿಗಳಿಗೆ ಇನ್ನೊಂದು ತೊಡಕಿದೆ. ಒಬ್ಬ ದೊರೆಗಾಗಿ, ಒಂದು ಭವನಕ್ಕಾಗಿ ಬರೆದದ್ದನ್ನು ಬೇರೆ ಊರಿನವರು ಎತ್ತಿಕೊಂಡು ಆಡುವುದು ಕಡಿಮೆ. ಆ ಭವನವೂ 1843ರಲ್ಲಿ ಸುಟ್ಟು, ಮತ್ತೆ ಎದ್ದು, ಎರಡನೆಯ ಮಹಾಯುದ್ಧದ ಬಾಂಬುಗಳಿಗೆ ಬಿದ್ದು, 1955ರಲ್ಲಿ ಪುನಃ ತೆರೆಯಿತು. ಈಗ ಅಲ್ಲಿ ಹೋಗಿ ಕೂತರೆ ಗ್ರೌನ್ ಕಂಡ ಸಭಾಂಗಣ ಸಿಗುವುದಿಲ್ಲ.

ಮೆಕ್ಸಿಕೊದವರು ಇದನ್ನು ಆಡಿದ್ದಾರಾ?

ಆಡಿದ್ದಾರೆ. 2010ರಲ್ಲಿ, ಮೆಕ್ಸಿಕೊದ ಸ್ವಾತಂತ್ರ್ಯ ಹೋರಾಟ ಶುರುವಾಗಿ 200 ವರ್ಷ ತುಂಬಿದಾಗ, ಅಲ್ಲಿನ ರಂಗನಿರ್ದೇಶಕ ಕ್ಲಾವ್ದಿಯೊ ವಾಲ್ಡೆಸ್ ಕುರಿ ಇದನ್ನು ರಂಗಕ್ಕೆ ತಂದರು. ಸಂಗೀತ ನಿರ್ವಹಣೆ ಗಾಬ್ರಿಯೆಲ್ ಗರ್ರೀದೊ ಅವರದು. ಎಡಿನ್‌ಬರೊ ಉತ್ಸವದಲ್ಲೂ ಅದು ಪ್ರದರ್ಶನಗೊಂಡಿತು. ಬರ್ಲಿನ್‌ನ ರಾಜ ಮೆಕ್ಸಿಕೊದವರ ಬಾಯಿಗೆ ತುಂಬಿದ ಮಾತನ್ನು ಮೆಕ್ಸಿಕೊದವರೇ ಕೈಗೆತ್ತಿಕೊಂಡ ಆ ಸಂಗತಿ ನನಗೆ ಇಡೀ ಕಥೆಯಲ್ಲಿ ಬಲು ಪ್ರಿಯವಾದದ್ದು.

ಕೇಳಬೇಕು ಅನ್ನಿಸ್ತಿದೆ. ಎಲ್ಲಿಂದ ಶುರು ಮಾಡಲಿ?

ರುಚಿ ನೋಡಲು ಆಯ್ದ ಭಾಗಗಳ ಧ್ವನಿಮುದ್ರಿಕೆ ಸಾಕು. 1960ರ ದಶಕದಲ್ಲಿ ಜೋನ್ ಸದರ್‌ಲ್ಯಾಂಡ್ ಎವುಪಾಫೋರಿಚೆಯಾಗಿ, ಲಾರಿಸ್ ಎಲ್ಮ್ಸ್ ಮೊಂಟೆಜುಮಾ ಆಗಿ, ರಿಚರ್ಡ್ ಬಾನಿಂಗ್ ನಿರ್ವಹಣೆಯಲ್ಲಿ ಹಾಡಿದ್ದಾರೆ. ವಾದ್ಯಗಳ ನಾದ ಆ ಕಾಲದ (ಬರೋಕ್) ಸಂಗೀತವನ್ನು ಹಗುರ ನಾದದಲ್ಲಿ ಕೇಳಿ ರೂಢಿಯಾದ ಇಂದಿನ ಕಿವಿಗೆ ತುಸು ದಪ್ಪ ಅನ್ನಿಸೀತು, ಕಂಠಗಳ ಮುಂದೆ ಅದು ದೊಡ್ಡ ಮಾತಲ್ಲ. ಪೂರ್ತಿ ಒಪೆರಾ ಬೇಕೆಂದರೆ ಯೋಹಾನ್ನೆಸ್ ಗೊರಿಟ್ಸ್‌ಕಿ ಅವರದಿದೆ, ಅದರಲ್ಲಿ ಮೊಂಟೆಜುಮಾ ಆಗಿ ಹಾಡಿರುವ ಎನ್ಕಾರ್ನಸಿಯೋನ್ ವಾಸ್ಕೆಸ್ ಮೆಕ್ಸಿಕೊದವರು.

ಕೇಳುವ ಕ್ರಮ ಹೀಗಿರಲಿ. ಮೊದಲ ಅಂಕದಲ್ಲಿ ಎವುಪಾಫೋರಿಚೆಯ ಹಾಡುಗಳನ್ನು ಕೇಳಿ, ಇನ್ನೂ ಏನೂ ಕೆಡದ ಹೊತ್ತಿನ ದನಿ ಅದು. ಆಮೇಲೆ ನೇರ ಮೂರನೆಯ ಅಂಕದ ಸೆರೆಮನೆಗೆ ಹೋಗಿ, ಅಲ್ಲಿಂದ ನಿಲ್ಲಿಸದೆ ಕೊನೆಯವರೆಗೆ ಕೇಳಿ. ರಾಣಿಯ ಮಾತು ತುಂಡಾದ ಮೇಲೆ ಅಷ್ಟು ಹೊತ್ತು ಒಬ್ಬೊಬ್ಬರ ದನಿಯನ್ನೇ ಕೇಳುತ್ತಿದ್ದ ಕಿವಿಗೆ ಒಮ್ಮೆಲೇ ಗುಂಪಿನ ಕೂಗು ಬಡಿಯುತ್ತದೆ. ಅದುವರೆಗೂ ಕಾಣದಿದ್ದ ಊರಿನ ಜನ ಅವರು, ಬೆಂಕಿಯಿಂದ ಓಡುತ್ತಿದ್ದಾರೆ.